ಕೊಳಕ್ಕೆ ಹೊಲಿದ ಬಲೆ

ದರ್ಜಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ತೋಳು ಹೊಲಿದರೆ ಒಮ್ಮೆ ಹಿತ್ತಲಿಗೆ, ಕಾಲರ್ ಕೂರಿಸಿದರೆ ಇನ್ನೊಮ್ಮೆ. ಅಲ್ಲಿನ ಪುಟ್ಟ ಕೊಳದಲ್ಲಿ ಅವನ ಚಿಲ್ಲರೆ ಮೀನುಗಳ ನಡುವೆ ಅಕ್ಕನ ಕೆಂಪು ಮೀನು, ದೊರೆಸಾನಿ, ಗತ್ತಿನಿಂದ ಸುತ್ತುತ್ತಿತ್ತು. ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಮುನ್ನ ಅಕ್ಕ ಅದನ್ನು ಬಕೆಟ್ಟಿನಲ್ಲಿ ತಂದು, "ಹೆತ್ತ ಮಗನ ಕೈಗೆ ಬೀಗದ ಕೈ ಕೂಡ ಕೊಡದವಳು, ನಿನ್ನ ಕೈಗೆ ಇವಳನ್ನ ಕೊಡ್ತಿದೀನಿ," ಎಂದಿದ್ದಳು. ಅಕ್ಕನ ಬಾಯಲ್ಲಿ ಅದು ಪ್ರೀತಿಯೂ ಹೌದು, ಬೆದರಿಕೆಯೂ ಹೌದು.

ಅದಾದ ಮೇಲೆಯೇ ಕೊಳದಂಚಿನ ಕಲ್ಲಿನ ಮೇಲೆ ಹಾವೊಂದು ಬಿಸಿಲು ಕಾಯುತ್ತ ಮಲಗಿದ್ದು ಕಂಡಿದ್ದು.

"ನೀರುಹಾವು ಕಣ್ರೀ, ವಿಷ ಇಲ್ಲ," ಎಂದಳು ಹೆಂಡತಿ.

"ವಿಷ ಇಲ್ದಿದ್ರೇನು, ಹೊಟ್ಟೆ ಇದೆಯಲ್ಲ!"

ಕಲ್ಲು ಕಿತ್ತ, ಹುಲ್ಲು ಬೋಳಿಸಿದ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಜಜ್ಜಿ ಸುತ್ತ ಚೆಲ್ಲಿದ. ಹಾವಿಗೆ ಏನೂ ಅನಿಸಲಿಲ್ಲ. ಪ್ಯಾಂಟ್ ಒಯ್ಯಲು ಬಂದ ಗಿರಾಕಿ ಮಾತ್ರ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತ.

ಕೊನೆಗೆ ದರ್ಜಿ ತನ್ನ ವಿದ್ಯೆಯನ್ನೇ ನಂಬಿದ. ಸಣ್ಣ ಕಣ್ಣಿನ ಬಲೆ ತಂದು ಕೊಳದ ಅಳತೆ ತೆಗೆದು, ಅಂಚನ್ನು ಸುತ್ತ ಬಿಗಿದ ಹಗ್ಗಕ್ಕೆ ಎರಡೆರಡು ಸಲ ಹೊಲಿದು ಮಣ್ಣಿನಲ್ಲಿ ಹುಗಿದ. ಮೇವು ಹಾಕಲೊಂದು ಕಿಂಡಿ, ಅದಕ್ಕೆ ಕಾಜ, ಗುಂಡಿ. ಮದುಮಗನ ಕೋಟಿಗೂ ಅವನು ಅಷ್ಟು ಒತ್ತಾಗಿ ಹೊಲಿಗೆ ಹಾಕಿದವನಲ್ಲ.

ಮರುದಿನ ಬೆಳಿಗ್ಗೆ ಗುಂಡಿ ಬಿಚ್ಚಿ ಮೇವು ಉದುರಿಸಿದ. ಚಿಲ್ಲರೆ ಮೀನುಗಳು ಯಾಕೋ ಕಮ್ಮಿ ಅನಿಸಿದವು. ತಾವರೆ ಎಲೆಯಡಿಯಿಂದ ತೆಳ್ಳನೆಯ ತಲೆಯೊಂದು ಎದ್ದು, ಯಾರು ಬೇಕಿತ್ತು ಎನ್ನುವಂತೆ ಅವನನ್ನು ನೋಡಿತು.

"ಒಳಗಿದೆ ಕಣೇ! ಒಳಗಿಟ್ಟೇ ಹೊಲಿದುಬಿಟ್ಟಿದೀನಿ!"

"ಹೋಗ್ಲಿ ಬಿಡಿ," ಹೆಂಡತಿ ನಗು ತಡೆದುಕೊಂಡಳು, "ಇನ್ನೊಂದಂತೂ ಬರಲ್ಲ."

ಅಷ್ಟರಲ್ಲಿ ಅಕ್ಕನ ಫೋನು. ಸಂಜೆ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬರುತ್ತಾಳಂತೆ.

ಬ್ಲೇಡು ಹಿಡಿದು ಒಂದು ಪಕ್ಕದ ಹೊಲಿಗೆ ಬಿಚ್ಚಿದ. ಕೂತ, ಎದ್ದ, ಬಗ್ಗಿ ನೋಡಿದ, ಮತ್ತೆ ಕೂತ.

"ನೀವು ಹೀಗೆ ಕೆಂಡ ತುಳಿದೋರ ಥರ ಕುಣೀತಿದ್ರೆ ಅದು ಹೇಗ್ರೀ ಹೊರಗೆ ಬರತ್ತೆ? ಹೋಗಿ ಮಿಷನ್ ತುಳೀರಿ. ನಾನು ನೋಡ್ಕೋತೀನಿ."

ದರ್ಜಿ ಹೋಗಿ ತುಳಿದ. ಸೂಜಿಯಲ್ಲಿ ದಾರವೇ ಇಲ್ಲದ್ದು ಗೊತ್ತಾಗುವ ಹೊತ್ತಿಗೆ ಹಿತ್ತಲಿಂದ ಕೂಗು ಬಂತು: "ಹೋಯ್ತು!"

ಓಡಿ ಬಂದ. ದೊರೆಸಾನಿ ಇದ್ದಳು. ಬಿಚ್ಚಿದ್ದನ್ನು ಮತ್ತೆ ಹೊಲಿದ.

ಸಂಜೆ ಅಕ್ಕ ಕೋಲೂರಿಕೊಂಡು ಬಂದಳು. ಕಿಂಡಿಯ ಗುಂಡಿ ಬಿಚ್ಚಿಸಿ ನೋಡಿದಳು. ದೊರೆಸಾನಿ ಮೇಲೆ ಬಂದು ಬಾಯಿ ತೆರೆದಳು.

"ಇವಳು ದಪ್ಪ ಆಗಿದಾಳೆ, ನೀನೇ ಸೊರಗಿದೀಯ," ಎಂದಳು. ಆಮೇಲೆ ಒಳಗೆ ಹೋಗಿ ಕುರ್ಚಿಯಲ್ಲಿ ಕಾಲು ಚಾಚಿ, "ಬಗ್ಗಬಾರದು ಅಂದಿದಾರೆ ಡಾಕ್ಟ್ರು. ಇಲ್ಲೇ ಇರ್ಲಿ ಬಿಡೋ. ಇಷ್ಟು ಭದ್ರ ಇನ್ನೆಲ್ಲಿ ಸಿಗತ್ತೆ ಅವಳಿಗೆ?" ಎಂದಳು.

ದರ್ಜಿಯ ಎದೆ ಉಬ್ಬಿತು. ಉಬ್ಬಿದ್ದು ಅಲ್ಲೇ ನಿಂತಿತು. ಹೆಂಡತಿಯನ್ನು ಅಡುಗೆಮನೆಗೆ ಕರೆದ.

"ಅದು ಹೋಗಿದ್ದನ್ನ ಕಣ್ಣಾರೆ ನೋಡಿದ್ಯಾ?"

"ಒಲೆ ಮೇಲೆ ಹಾಲಿತ್ತು, ಒಂದು ಗಳಿಗೆ ಒಳಗೆ ಬಂದಿದ್ದೆ. ತಿರುಗಿ ಹೋದಾಗ ಬಾಲ ನೋಡ್ದೆ."

"ಹೊರಗೆ ಹೋಗೋ ಬಾಲನೋ, ಒಳಗೆ ಹೋಗೋ ಬಾಲನೋ?"

ಅವಳು ಯೋಚಿಸಿದಳು. "ಹೋಗ್ತಾ ಇತ್ತು," ಎಂದಳು.

ದರ್ಜಿ ಬ್ಲೇಡು ಹುಡುಕತೊಡಗಿದ.

"ಎಲ್ಲಿಗೋ ಮತ್ತೆ?" ಅಕ್ಕ ಕುರ್ಚಿಯಿಂದಲೇ ಕೂಗಿದಳು. "ಬಂದವರ ಜೊತೆ ಒಂದು ನಿಮಿಷ ಕೂತ್ಕೋಬಾರ್ದಾ!"