ಗಾಳಿಯಲ್ಲಿ ತಿರುಗಿದ ಮಷೀನು

ದಿಲ್‌ಸುಖ್‌ನಗರದ ಹಲ್ಲಿನ ಡಾಕ್ಟರು ಶರಣಕುಮಾರನಿಗೆ ಕಾಲೇಜು ಕಲಿಸದ ಒಂದು ವಿದ್ಯೆಯನ್ನು ಪೇಶೆಂಟುಗಳು ಕಲಿಸಿದ್ದರು. ಒಳ್ಳೆಯ ಕೆಲಸ ಬಾಯೊಳಗೆ ಯಾರಿಗೂ ಕಾಣುವುದಿಲ್ಲ. ಕೊರೆಯುವ ಮಷೀನಿನ ಸದ್ದು ಹೊರಗೆ ಕೂತವರಿಗೂ ಕೇಳುತ್ತದೆ. ಬರೀ ನೋಡಿ, ಏನೂ ಆಗಿಲ್ಲ ಎಂದು ಕಳಿಸುವವನು ದಡ್ಡ ಡಾಕ್ಟರು.

ತುಳಸಾಬಾಯಿ ರಾಯಚೂರಿನ ಕಡೆಯ ಮುದುಕಿ. ತೆಲುಗರ ಊರಿನಲ್ಲಿ ನಮ್ಮ ಕಡೆಯ ಡಾಕ್ಟರೆಂಬ ಅಭಿಮಾನಕ್ಕೆ ಉಪ್ಪಲ್‌ನಿಂದ ಬಸ್ಸು ಹಿಡಿದು ಬಂದು, ಅವನ ಕೈಯಲ್ಲಿ ಹಲ್ಲುಸೆಟ್ಟು ಮಾಡಿಸಿಕೊಂಡಿದ್ದಳು. ಸೆಟ್ಟು ಒತ್ತುತ್ತದೆ ಎಂದು ಬಂದಾಗ ಅವನು ಅರ್ಧ ಗಂಟೆ ಹುಡುಕಿದ. ಒತ್ತುವ ಜಾಗವೇ ಸಿಗಲಿಲ್ಲ. ಹಾಗೆಂದು ಹೇಳಿದ್ದಕ್ಕೆ ಆಕೆಯ ಮುಖ ಸಪ್ಪಗಾಯಿತು. ಕೊನೆಗೆ ಬೆನ್ನು ತಿರುಗಿಸಿ ನಿಂತು, ಸೆಟ್ಟಿಗೆ ತಾಗಿಸದೆ ಮಷೀನನ್ನು ಗಾಳಿಯಲ್ಲಿ ಗಿರ್ರೆನ್ನಿಸಿ ಕೊಟ್ಟ. ತುಳಸಾಬಾಯಿ ಹಾಕಿಕೊಂಡು ನಕ್ಕಳು, ಈಗ ಹೂವಿನ ಹಾಗೆ ಕೂತಿತು ಎಂದಳು.

ಹೀಗೆ ನಾಲ್ಕು ಸಲ. ಆಕೆ ಬಳಗವನ್ನೆಲ್ಲ ಕರೆತಂದಳು, ಕ್ಲಿನಿಕ್ಕು ತುಂಬಿತು. ಬೆವರು ಸುರಿಸಿ ಉಳಿಸಿದ ಹಲ್ಲುಗಳಿಗೆ ಸಿಗದ ಹೊಗಳಿಕೆ ಗಾಳಿ ಕೊರೆದದ್ದಕ್ಕೆ ಸಿಕ್ಕಿತು. ನಾಚಿಕೆಯಾಗಲಿಲ್ಲವೇ? ಆಯಿತು. ಊಟದ ಹೊತ್ತಿಗೆ ಇಳಿದುಹೋಗುವ ನಾಚಿಕೆ.

ಐದನೆಯ ಸಲವೂ ಅದೇ ದೂರು. ನೋಡುವುದೇನೂ ಬೇಡ, ಹೋದ ಸಲದ ಹಾಗೆ ಎರಡು ನಿಮಿಷ ತಿರುಗಿಸಿ ಕೊಟ್ಟರೆ ಸಾಕು ಎಂದಳು. ಅವನ ಕೈ ಆಗಲೇ ಮಷೀನಿನ ಮೇಲಿತ್ತು. ಏನನ್ನಿಸಿತೋ, ದೀಪ ಹಾಕಿ ಬಾಯಿ ನೋಡಿದ. ನಾಲಿಗೆಯ ಮಗ್ಗುಲಲ್ಲಿ ಗಟ್ಟಿಯಾದ, ಅಂಚು ಎದ್ದ ಹುಣ್ಣು. ಹೋದ ಸಲ ಇತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಹೋದ ಸಲ ಅವನು ನೋಡಿಯೇ ಇರಲಿಲ್ಲ.

ಅವನು ಮಷೀನು ಬಿಟ್ಟು ಪೆನ್ನು ಹಿಡಿದ. ದೊಡ್ಡಾಸ್ಪತ್ರೆಗೆ ಚೀಟಿ ಬರೆದ. ಇದು ಕ್ಯಾನ್ಸರ್ ಇರಬಹುದು, ತುಣುಕು ತೆಗೆದು ಪರೀಕ್ಷೆ ಮಾಡಿಸಲೇಬೇಕು ಎಂದ. ತುಳಸಾಬಾಯಿ ಚೀಟಿ ಮುಟ್ಟಲಿಲ್ಲ. ಸೆಟ್ಟು ತಾಗಿ ಆದ ಗಾಯ ಇದು, ಮಷೀನು ಹಿಡಿದರೆ ಮಾಯುತ್ತದೆ, ನಾಲ್ಕು ಸಲ ಸರಿಹೋಗಿದೆಯಲ್ಲ ಎಂದು ಅವನಿಗೇ ಸಮಾಧಾನ ಹೇಳಿದಳು. ನಿಜ ಹೇಳದೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ.

“ಅಮ್ಮಾರ, ಆ ನಾಕು ಸಲ ನಾ ಏನೂ ಮಾಡಿಲ್ಲರಿ. ಬರೇ ಗಾಳ್ಯಾಗ ತಿರುಗಿಸಿ ಕೊಟ್ಟೀನಿ.”

ಆಕೆ ಸೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

“ನಾಕು ಸಲ ಸುಳ್ಳ ಹೇಳಿದ್ರಿ. ಇವತ್ತ ಖರೇ ಹೇಳಾಕತ್ತೀರಿ ಅಂತ ನಾ ಹೆಂಗ ನಂಬಲಿರಿ?”

ಅವನು ಚೀಟಿಯನ್ನು ಆಕೆಯ ಕಡೆಗೆ ಇನ್ನಷ್ಟು ಸರಿಸಿದ. ತುಳಸಾಬಾಯಿ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಹೊರಗೆ ಸಾಲಾಗಿ ಕೂತಿದ್ದವರನ್ನು, ಈ ಬೀದಿಯಲ್ಲಿ ಮಷೀನು ಚೆನ್ನಾಗಿ ನಡೆಸುವ ಬೇರೆ ಡಾಕ್ಟರು ಯಾರಿದ್ದಾರೆ ಎಂದು ವಿಚಾರಿಸಿದಳು.