ಶೆಡ್ಡಿನ ಬಾಗಿಲು

ಗೋಡಂಬಿ ಸುಲಿಯುವ ಆ ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು. ನಲವತ್ತು ಹೆಂಗಸರು ಒಳಗೆ ಹೋಗಿ ಕೂತ ಮೇಲೆ ಧಣಿ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಮಡಿಲಲ್ಲಿ ತಿರುಳು ಕಟ್ಟಿಕೊಂಡು ಹೊರಡುತ್ತಾರೆಂಬ ಗುಮಾನಿ ಅವನಿಗೆ. ಹಿಂದಿನ ವಾರ ಬೀಜ ಹುರಿಯುವ ಒಲೆಯ ಹೊಗೆ ಒಳಗೆ ನುಗ್ಗಿದಾಗ ಕಾವಲುಗಾರ ಕೀಲಿಯ ಸಮೇತ ಚಹಾ ಕುಡಿಯಲು ಹೋಗಿದ್ದ. ಅವನು ಬರುವಷ್ಟರಲ್ಲಿ ದೊಡ್ಡತ್ತೆಯ ಸೊಸೆ, ಏಳು ತಿಂಗಳ ಬಸುರಿ, ಸಿಪ್ಪೆಯ ರಾಶಿಯ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು.

ಶೆಡ್ಡಿನವರೆಲ್ಲ ದೊಡ್ಡತ್ತೆ ಎಂದು ಕರೆಯುತ್ತಿದ್ದ ಆಕೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ. ಈಗ ಅವಳೇ ಬೀಗ ಹಾಕುವುದನ್ನು ನಿಲ್ಲಿಸಬೇಕೆಂದು ಅರ್ಜಿ ಬರೆಸಿದಳು, ಮನೆ ಮನೆ ತಿರುಗಿ ನಲವತ್ತು ಹೆಬ್ಬೆಟ್ಟು ಒತ್ತಿಸಿದಳು. ಕಾರ್ಮಿಕ ಕಚೇರಿಯ ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲ್ಲ ಒಂದೇ ಥರ ಮಸಿ ಮೆತ್ತಿದ ಹಾಗಿದೆಯಲ್ಲಮ್ಮ. ಒಂದಕ್ಕೂ ಗೆರೆ ಇಲ್ಲ. ನೀನೊಬ್ಬಳೇ ಕೂತು ಒತ್ತಿದ್ದೀಯ."

ಅವಳು ಕೈ ಚಾಚಿದಳು. ಗೋಡಂಬಿ ಸಿಪ್ಪೆಯ ಸುಡುವ ಎಣ್ಣೆ ಚರ್ಮ ತಿಂದು ತಿಂದು ಬೆರಳ ತುದಿ ಉಜ್ಜಿದ ಕಲ್ಲಿನಂತೆ ನುಣುಪಾಗಿತ್ತು. ಸಾಹೇಬರು ಆ ಕಡೆ ನೋಡದೆ, ಸಾಕ್ಷಿ ತಂದರೆ ವಿಚಾರಿಸೋಣ ಎಂದುಬಿಟ್ಟರು.

ಸಂಜೆ ನಲ್ಲಿಯ ಹತ್ತಿರ ಮಾತೋ ಮಾತು. ಇದ್ದ ಕೆಲಸಕ್ಕೂ ಕಲ್ಲು ಬೀಳುತ್ತದೆಂದು ಕೆಲವರು ಹಿಂಜರಿದರು. ವಟವಟಿ ಎಂದೇ ಹೆಸರಾದವಳು, ಧಣಿಯನ್ನೇ ಒಂದು ದಿನ ಒಳಗೆ ಹಾಕಿ ಬೀಗ ಜಡಿಯೋಣ ಎಂದು ನಗಿಸಿದಳು. ಸೊಸೆ ನಗಲಿಲ್ಲ.

"ಅತ್ತೆ, ಕೆಲಸ ಬಿಟ್ರೆ ನಡಿಯಲ್ಲ, ಗೊತ್ತು. ಆದ್ರೆ ಆ ಬೀಗದ ಒಳಗೆ ನಾನಿನ್ನು ಕೂರಲ್ಲ."

ದೊಡ್ಡತ್ತೆ ತುಂಬಿದ ಕೊಡವನ್ನು ಪಕ್ಕಕ್ಕೆ ಇಟ್ಟಳು. ಅವಳಪ್ಪ ಬಡಗಿ. ಆ ಬಾಗಿಲು ಎರಡು ಕಬ್ಬಿಣದ ಗೂಟದ ಮೇಲೆ ಕೂತಿದೆ, ಮೇಲಕ್ಕೆತ್ತಿದರೆ ಸಾಕು ಕಳಚಿ ಬರುತ್ತದೆ, ಮೊಳೆ ಕೀಳುವ ಕೆಲಸವೂ ಇಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದಳು.

ಮಾರನೆಯ ಬೆಳಿಗ್ಗೆ ಕಾವಲುಗಾರ ಬೀಗ ತೆಗೆದು ಚಿಲಕಕ್ಕೆ ನೇತುಹಾಕಿ, ದಿನದ ಹಾಗೆ ಪಕ್ಕಕ್ಕೆ ಸರಿದು ನಿಂತ. ಒಬ್ಬಳೂ ಒಳಗೆ ಹೋಗಲಿಲ್ಲ. ಎಂಟು ಮಂದಿ ಕೈ ಕೊಟ್ಟು ಬಾಗಿಲನ್ನು ಎತ್ತಿದರು. ಅವನು ಅಡ್ಡ ಬಂದಾಗ ವಟವಟಿ, "ಅಣ್ಣಾ, ಕಾಲ ಮೇಲೆ ಬಿದ್ದೀತು, ಸರ್ಕೋ," ಎಂದಳು. ಅವನು ಸರಿದ.

ಪೇಟೆಯ ನಡುವೆ ಆ ಹಲಗೆ ಹೆಗಲು ಬದಲಿಸುತ್ತ ಸಾಗಿತು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಅರಿವೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಕೈಯಲ್ಲೇ ಹಿಂದೆ ಬಂದರು. ಸಾಹೇಬರ ಮೇಜಿನ ಮೇಲೆ ಬಾಗಿಲನ್ನು ಮಲಗಿಸಿದಾಗ ಮಸಿ ಕುಡಿಕೆ ಉರುಳಿತು.

"ಇದೇನಮ್ಮಾ ಇದು?"

"ಸಾಕ್ಷಿ ಕೇಳಿದ್ರಲ್ಲ ಸ್ವಾಮಿ. ಚಿಲಕ ಯಾವ ಕಡೆ ಇದೆ ನೋಡ್ಕೊಳ್ಳಿ," ಎಂದಳು ದೊಡ್ಡತ್ತೆ. "ಧಣಿಗೆ ಇದು ವಾಪಸ್ ಬೇಕಾದ್ರೆ ಇಲ್ಲಿಗೇ ಬರ್ಲಿ. ಜನ ಒಳಗಿದ್ದಾಗ ಯಾಕೆ ಬೀಗ ಹಾಕಿಸ್ತಿದ್ದೆ ಅಂತ ನಿಮ್ಮ ಮುಂದೆ ಬಾಯಿಬಿಟ್ಟು ಹೇಳಿ ಹೊತ್ಕೊಂಡು ಹೋಗ್ಲಿ. ನಮಗೆ ಕೆಲಸಕ್ಕೆ ಹೊತ್ತಾಯ್ತು."

ಉತ್ತರಕ್ಕೆ ಅವರು ಕಾಯಲಿಲ್ಲ. ಶೆಡ್ಡಿಗೆ ಮರಳಿದಾಗ ಧಣಿ ಬರಿಯ ಚೌಕಟ್ಟಿನಲ್ಲಿ ನಿಂತು ಕೂಗಾಡುತ್ತಿದ್ದ. ಸೊಸೆ ಅವನ ಪಕ್ಕದಿಂದ ದಾಟಿ, ಹೊಸಿಲಿಗೆ ಹತ್ತಿರವಾದ ಜಾಗ ಆರಿಸಿ ಕೂತು, ಮೊದಲ ಬೀಜ ಒಡೆದಳು.