ಪರದೆಯ ಹಿಂದಿನ ತಾಯಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಗುರುವಾರದ ಬೆಳಗು ಸೀನದೆ ನಿಲ್ಲಬಲ್ಲವರು ಎರಡೇ ಬಗೆಯ ಜನ. ಹಮಾಲಿ ಮಾಡಿ ಮಾಡಿ ಮೂಗು ಸತ್ತವರು ಒಂದು ಬಗೆ. ಖರೀದಿದಾರ ವೀರೇಂದ್ರ ಇನ್ನೊಂದು ಬಗೆ. ದಿನಕ್ಕೆರಡು ಸ್ನಾನ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಕೈಗೊಂದು ಮೂಗಿಗೊಂದು ಎಂದು ಎರಡು ಕರವಸ್ತ್ರ. ಮೆಣಸಿನಕಾಯಿಯ ಘಾಟು ಒಂದನ್ನು ಬಿಟ್ಟರೆ ಲೋಕದ ಇನ್ಯಾವ ವಾಸನೆಯನ್ನೂ ಅವನು ಸಹಿಸುತ್ತಿರಲಿಲ್ಲ.

ಆ ದಿನ ಅವನು ಗುತ್ತಲದ ರೈತ ರಹಿಮಾನಸಾಬನ ಚೀಲಗಳ ಮುಂದೆ ನಿಂತಿದ್ದ.

"ಚೀಲದ ಬಾಯಾಗಿನ ಕಾಯಿ ನೋಡಿದ್ರಿ, ಸಾಕಲ್ರಿ ಸಾವ್ಕಾರ್ರ," ಎಂದ ರಹಿಮಾನಸಾಬ.

"ಸುರುವು."

"ಹೆಣ್ಣು ನೋಡಾಕ ಹೋದೋರೂ ಇಷ್ಟು ನೋಡೂದಿಲ್ರಿ."

"ಅದಕ್ಕ ಆಮ್ಯಾಲೆ ಅಳ್ತಾರ. ಸುರುವು."

ಚೀಲ ಬರಿದಾಯಿತು. ತಳದ ಕಾಯಿಯೂ ಬಾಯಿಯ ಕಾಯಿಯಷ್ಟೇ ಕೆಂಪಾಗಿ, ಸುಕ್ಕುಸುಕ್ಕಾಗಿ, ಒಣಗಿ ಗರಿಗರಿಯಾಗಿತ್ತು. ರಹಿಮಾನಸಾಬ ಸೊಂಟದ ಮೇಲೆ ಕೈಯಿಟ್ಟು ನಕ್ಕ. ವೀರೇಂದ್ರನೂ ನಗಬೇಕೆನ್ನುವಷ್ಟರಲ್ಲಿ ಜೇಬಿನ ಮೊಬೈಲು ರಿಂಗಣಿಸಿತು. ಹಾವೇರಿಯ ದನದ ದವಾಖಾನೆಯ ಜವಾನ ದಾದಾಪೀರ ಮಾತನಾಡುತ್ತಿದ್ದ.

"ಸರ, ನಿಮ್ಮ ನಾಯಿಮರಿ ಹೋತ್ರಿ. ಬೆಳಿಗ್ಗೆ ಐದಕ್ಕ."

ವೀರೇಂದ್ರ ಪೇಟೆಯ ಗದ್ದಲದಿಂದ ಒಂದು ಮಗ್ಗುಲಿಗೆ ಸರಿದ.

"ಡಾಕ್ಟರ್ ಒಂದು ಮಾತು ಕೇಳಂದಾರ್ರಿ. ಇದರ ತಾಯಿನ್ನ ನೋಡಿ ತಂದಿದ್ರೇನು? ಹಲ್ಲು ನೋಡಿದ್ರ ಮರಿಗೆ ಒಂದೂವರಿ ತಿಂಗಳೂ ಆಗಿಲ್ಲಂತ. ಹಾಲು ಕುಡಿಯೂದನ್ನ ಬಿಡಿಸಿ ಮಾರ್ಯಾರ. ಹೊಟ್ಟಿ ತುಂಬ ಜಂತು, ಅದರ ಮ್ಯಾಲೆ ರಕ್ತಭೇದಿ. ಹೆಂಗ ಉಳೀತೈತ್ರಿ?"

ವೀರೇಂದ್ರ ಮೊಬೈಲನ್ನು ಜೇಬಿಗಿಳಿಸಿದ. ಒಂದು ಚೀಲ ಮೆಣಸಿನಕಾಯಿಯನ್ನು ತಳದವರೆಗೆ ಕೊಡವಿ ನೋಡುವ ಅವನು, ತನ್ನ ಮನೆಯೊಳಗೆ ಬಂದು ಇರಬೇಕಾದ ಜೀವವನ್ನು ಮೇಲಿನಿಂದಷ್ಟೇ ನೋಡಿ ತಂದಿದ್ದ.

ಹನ್ನೆರಡು ದಿನಗಳ ಹಿಂದಿನ ಮಾತು. ಹೆಂಡತಿ ಪುಷ್ಪಲತಾ ದಾವಣಗೆರೆಯ ಬೀಗರ ಮನೆಯಲ್ಲಿ ಒಂದು ಗುಂಗುರು ಕೂದಲಿನ ನಾಯಿಯನ್ನು ಕಂಡು ಬಂದಿದ್ದಳು. ಗೋಲ್ಡನ್‌ಡೂಡಲ್ ಎಂದು ಅದರ ಜಾತಿ; ತಾಯಿ ಗೋಲ್ಡನ್ ರಿಟ್ರೀವರ್, ತಂದೆ ಪೂಡಲ್. ಕೂದಲು ಉದುರುವುದಿಲ್ಲ, ವಾಸನೆ ಬರುವುದಿಲ್ಲ ಎಂದು ಬೀಗರು ಹೇಳಿದ್ದು ವೀರೇಂದ್ರನಿಗೂ ಹಿಡಿಸಿತು. ಒಂಬತ್ತು ವರ್ಷದ ಮಗಳು ಶೈಲಾಳನ್ನು ಕರೆದುಕೊಂಡು ಮೂವರೂ ರಾಣೆಬೆನ್ನೂರಿನ ಕೊಟ್ರೇಶನ ಮನೆಗೆ ಹೋದರು. ಮುಂದಿನ ಖೋಲಿಯಲ್ಲಿ ಹೊಸ ಚಾಪೆ, ಬುಟ್ಟಿಯಲ್ಲಿ ಪೌಡರು ಹಚ್ಚಿದ ಮರಿಗಳು, ಕೊರಳಿಗೆ ರಿಬ್ಬನ್ನು. ಪುಷ್ಪಲತಾ ಸೋಫಾದ ಗವಸಿಗೆ ಯಾವ ಮರಿಯ ಬಣ್ಣ ಹೊಂದುತ್ತದೆಂದು ಯೋಚಿಸಿದಳು. ವೀರೇಂದ್ರ ಕಣ್ಣಿನ ಹೊಳಪು ನೋಡಿದ. ಶೈಲಾ ಮರಿಯನ್ನು ಎದೆಗವಚಿಕೊಂಡು, ಅದರ ಕಂದು ಬಣ್ಣಕ್ಕೆ ತಕ್ಕಂತೆ ಪೇಢೆ ಎಂದು ಹೆಸರಿಟ್ಟಳು.

ಎಂಟನೆಯ ದಿನ ಪೇಢೆ ಹಾಲು ಕಕ್ಕಿತು. ಒಂಬತ್ತನೆಯ ದಿನ ನಡುಮನೆಯ ಮೊಸಾಯಿಕ್ ನೆಲದ ಮೇಲೆ ರಕ್ತ ಬೆರೆತ ಭೇದಿ ಹರಿಯಿತು. ಆ ನಾತಕ್ಕೆ ವೀರೇಂದ್ರ ಊಟದ ತಾಟು ಬಿಟ್ಟೆದ್ದ. ಮರಿಯನ್ನು ಸಾಬೂನಿನ ರಟ್ಟಿನ ಡಬ್ಬಿಯಲ್ಲಿ ಹಾಕಿ, ಹಾವೇರಿಯ ದವಾಖಾನೆಗೆ ಒಪ್ಪಿಸಿ, ಕೈ ತೊಳೆದುಕೊಂಡು ಬಂದ. ಅಂದಿನಿಂದ ಶೈಲಾ ಶಾಲೆಯಿಂದ ಬಂದವಳೇ ಕೇಳುವುದು ಒಂದೇ ಮಾತು. ಅವನು ಹೇಳುವುದೂ ಒಂದೇ ಮಾತು: "ಆರಾಮಾಗಾಕತ್ತೈತವ್ವಾ."

ಈಗ ಆ ಮಾತನ್ನು ಉಳಿಸಿಕೊಳ್ಳಬೇಕಿತ್ತು. ಅವನು ಕೊಟ್ರೇಶನಿಗೆ ಫೋನು ಮಾಡಿದ.

"ಅದರ ಬೆನ್ನಿಗೆ ಹುಟ್ಟಿದ್ದು, ಥೇಟ್ ಅದರಂಥಾದ್ದ ಒಂದು ಉಳದೈತ್ರಿ," ಎಂದ ಕೊಟ್ರೇಶ, ಸಾವಿನ ಸುದ್ದಿ ಕೇಳಿ ಸ್ವಲ್ಪವೂ ತಬ್ಬಿಬ್ಬಾಗದೆ. "ಬದಲಿ ಒಯ್ರಿ. ಮಗಳಿಗೆ ಫರಕ್ ಗೊತ್ತಾಗೂದಿಲ್ಲ."

ವೀರೇಂದ್ರನಿಗೆ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ಕೊಂಚ ಹೇಸಿಗೆಯೂ ಆಯಿತು. ಆದರೂ ಮಧ್ಯಾಹ್ನ ಕಾರು ಹತ್ತಿದ.

ಕೊಟ್ರೇಶನ ಮುಂದಿನ ಖೋಲಿಯಲ್ಲಿ ಆಗಲೇ ಗಿರಾಕಿಗಳಿದ್ದರು. ಹಾವೇರಿಯ ನಿವೃತ್ತ ಮುಖ್ಯಾಧ್ಯಾಪಕಿ ಇಂದಿರಾಬಾಯಿ, ಜೊತೆಗೆ ಮೊಮ್ಮಗಳು ಹರಿಪ್ರಿಯಾ. ಬುಟ್ಟಿಯಲ್ಲಿ ಎರಡೇ ಮರಿಗಳು ಉಳಿದಿದ್ದವು. ಅವುಗಳಲ್ಲೊಂದು ಪೇಢೆಯೇ ಎದ್ದು ಬಂದಂತಿತ್ತು. ಕೊಟ್ರೇಶ ಅದನ್ನು ವೀರೇಂದ್ರನ ಕೈಗಿತ್ತು, ಕಿವಿಯ ಬಳಿ ಬಾಗಿದ.

"ಇಂದಿರಾಬಾಯಾರಿಗೆ ಒಂದು ಮಾತು ಚಲೋ ಹೇಳ್ರಿ. ಬ್ಯಾಡಗಿ ಸಾವ್ಕಾರ್ರ ಇಲ್ಲಿಂದನ ಒಯ್ದಾರ ಅಂತ ಆಗ್ಲೇ ಹೇಳೇನಿ."

ವೀರೇಂದ್ರ ತಲೆಯಾಡಿಸುವಷ್ಟರಲ್ಲಿ ಮರಿ ಅವನ ಅಂಗೈಯಲ್ಲಿ ಉಚ್ಚೆ ಹೊಯ್ದಿತು. ಬಿಸಿಯಾದ ಆ ನೀರು ಮುಂಗೈಯಿಂದ ತೋಳಿಗಿಳಿಯಿತು. ಅವನು ಮರಿಯನ್ನು ಬುಟ್ಟಿಗೆ ಹಾಕಿ, ನಲ್ಲಿ ಹುಡುಕುತ್ತ ಹಿಂದಿನ ಬಾಗಿಲಿನ ಪರದೆ ಸರಿಸಿ ನಡೆದ. "ಸಾವ್ಕಾರ್ರ, ಆ ಕಡೆ ಬ್ಯಾಡ್ರಿ," ಎಂಬ ಕೂಗು ಬೆನ್ನಿಗೆ ಬಿತ್ತು. ಅಷ್ಟರಲ್ಲಿ ಅವನು ಒಳಗಿದ್ದ.

ಮೊದಲು ನಾತ ಬಂದು ಮುಖಕ್ಕೆ ಅಪ್ಪಳಿಸಿತು. ಹಳೆಯ ಉಚ್ಚೆಯ ಖಾರ, ಕೊಳೆತ ಮಾಂಸದ ಸಿಹಿ ಮತ್ತು ಅವೆರಡನ್ನೂ ಮುಚ್ಚಲು ಸುರಿದ ಫಿನಾಯಿಲು. ಕೋಳಿ ಅಂಗಡಿಯ ಕಾಲು, ಕರುಳುಗಳನ್ನು ಕುದಿಸಿದ ಬೋಗುಣಿಯ ಮೇಲೆ ನೊಣಗಳು ಕಪ್ಪಗೆ ಮುತ್ತಿದ್ದವು. ತಗಡಿನ ಮೂರು ಗೂಡುಗಳು. ಮೊದಲ ಗೂಡಿನಲ್ಲಿ, ಒದ್ದೆಯಾದ ಗೋಣಿತಟ್ಟಿನ ಮೇಲೆ, ಎಂದೋ ಬಂಗಾರದ ಬಣ್ಣವಿದ್ದಿರಬಹುದಾದ ಒಂದು ಹೆಣ್ಣುನಾಯಿ ಮಲಗಿತ್ತು. ಕೂದಲೆಲ್ಲ ಜಡೆಗಟ್ಟಿ ಸಗಣಿಯ ಬೆರಣಿಯಂತಾಗಿತ್ತು. ಕಿವಿಯ ತುಂಬ ಔಡಲ ಬೀಜದಂಥ ಉಣ್ಣೆಗಳು. ಉಗುರು ಬೆಳೆದು ಪಾದದೊಳಕ್ಕೆ ಸುತ್ತಿಕೊಂಡಿದ್ದವು. ಜೋತುಬಿದ್ದ ಮೊಲೆಗಳಲ್ಲಿ ಒಂದು ಒಡೆದು ಕೀವು ಜಿನುಗುತ್ತಿತ್ತು. ಅವನನ್ನು ಕಂಡು ಅದು ಏಳಲು ನೋಡಿತು, ಆಗಲಿಲ್ಲ. ಬಾಲ ಮಾತ್ರ ನೆಲಕ್ಕೆ ಎರಡು ಸಲ ಬಡಿಯಿತು.

ವೀರೇಂದ್ರ ಗೋಡೆ ಹಿಡಿದುಕೊಂಡು ಮಧ್ಯಾಹ್ನ ಉಂಡದ್ದನ್ನೆಲ್ಲ ಕಕ್ಕಿದ.

"ಅದಕ್ಕ ಬ್ಯಾಡಂದೆ," ಎಂದ ಹಿಂದೆ ಬಂದು ನಿಂತ ಕೊಟ್ರೇಶ. ತಂಬಿಗೆಯಲ್ಲಿ ನೀರು ಕೊಟ್ಟ.

"ಇದೇನೋ, ಆ ಮರಿಗಳ ತಾಯಿ?"

"ಹೌದ್ರಿ."

"ಎಷ್ಟು ಸೂಲಾತು?"

"ಏಳು. ಈ ಸಲ ಬರೇ ಮೂರು ಹಾಕ್ತು. ಮುದುಕಿ ಆತು."

"ನಿನಗ ಅಸಹ್ಯ ಆಗೂದಿಲ್ಲೇನೋ?"

ಕೊಟ್ರೇಶ ಸಿಟ್ಟಾಗಲಿಲ್ಲ. "ನಿಮಗ ಕಕ್ಕೂದಾದ್ರೂ ಬರ್ತೈತಿ. ನನಗ ಅದೂ ನಿಂತು ಹೋಗೇತಿ. ಎಸ್‌ಟಿಡಿ ಬೂತ್ ಇಟ್ಟಿದ್ದೆ. ಎಲ್ಲಾರ ಕಿಸೇಕ ಮೊಬೈಲ್ ಬಂತು, ಬೂತ್ ಮುಚ್ಚಿತು. ಆಮ್ಯಾಲೆ ಇದು. ನೂರು ಮಂದಿ ಬಂದು ಹೋಗ್ಯಾರ, ಸಾವ್ಕಾರ್ರ. ಬಣ್ಣ ಕೇಳ್ತಾರ. ಗುಂಗುರು ಎಷ್ಟೈತಿ ಅಂತಾರ. ಸಣ್ಣದ ಬೇಕು, ಅಂಗೈಯಾಗ ಕುಂದ್ರುವಂಥಾದ್ದು ಬೇಕು, ಎರಡು ತಿಂಗಳದ್ದಾದ್ರ ದೊಡ್ಡದಾತು ಅಂತ ಬಿಟ್ಟು ಹೋಗ್ತಾರ. ಅದಕ್ಕ ಲಗೂ ಬಿಡಸ್ತೇನಿ. ತಾಯಿ ಎಲ್ಲಿ ಅಂತ ಖರೇ ಹೇಳ್ರಿ, ನೀವು ಕೇಳಿದ್ರೇನು?"

ವೀರೇಂದ್ರ ಮೂಗಿಗೆ ಹಿಡಿದಿದ್ದ ಕರವಸ್ತ್ರವನ್ನು ನೋಡಿದ. ಅದಕ್ಕೆ ಪುಷ್ಪಲತಾ ಹಾಕಿದ ಅತ್ತರಿನ ವಾಸನೆ ಇನ್ನೂ ಉಳಿದಿತ್ತು. ಈ ಗೂಡಿನ ನಾತಕ್ಕಿಂತ ಆ ಅತ್ತರೇ ಆ ಗಳಿಗೆಯಲ್ಲಿ ಅವನಿಗೆ ಹೆಚ್ಚು ಹೇಸಿಗೆ ತಂದಿತು.

ಮುಂದಿನ ಖೋಲಿಗೆ ಮರಳಿದಾಗ ಇಂದಿರಾಬಾಯಿ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ನೀವು ಒಯ್ದ ಮರಿ ಹೆಂಗದರಿ? ಆಡ್ತದ?"

ಕೊಟ್ರೇಶನ ಕಣ್ಣು ಅವನ ಮೇಲಿತ್ತು. ಬುಟ್ಟಿಯಲ್ಲಿ ಎರಡನೆಯ ಪೇಢೆ ಆಕಳಿಸುತ್ತಿತ್ತು. ಚಲೋ ಐತಿ ಎಂದು ಒಂದು ಮಾತು ಆಡಿದರೆ ಸಾಕು. ಸಂಜೆ ಶೈಲಾ ಗೇಟಿನ ತನಕ ಓಡಿ ಬರುತ್ತಾಳೆ, ಮನೆಯಲ್ಲಿ ಸತ್ತದ್ದು ಯಾವುದೂ ಇರುವುದಿಲ್ಲ.

"ಸತ್ತು ಹೋತ್ರಿ," ಎಂದ ವೀರೇಂದ್ರ. "ಇವತ್ತ ಬೆಳಿಗ್ಗೆ. ಇದರ ತಾಯಿ ಒಳಗೈತಿ. ಒಂದ್ ಸಲ ನೋಡ್ರಿ." ಪರದೆಯನ್ನು ಪೂರ್ತಿ ಸರಿಸಿ ಹಿಡಿದ.

ಇಂದಿರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲ ತನಕ ಹೋಗಿ ಇಣುಕಿದರು. ಬಹಳ ಹೊತ್ತು ನಿಲ್ಲಲಿಲ್ಲ.

"ಶಿವ ಶಿವಾ," ಎಂದರು. ಮರಳಿ ಬಂದು ಕುಳಿತು ಕೊಂಚ ಸುಧಾರಿಸಿಕೊಂಡರು. "ಎಲ್ಲಾ ಕಡೆ ಹಿಂಗ ಇರ್ತದರಿ. ಹೋಟೆಲಿನ ಅಡಿಗಿಮನಿ ನೋಡಿ ಯಾರರೆ ಊಟಾ ಮಾಡ್ತಾರೇನು? ಹುಡುಗಿ ಹಟಾ ಹಿಡದಾಳ. ಕೊಟ್ರೇಶಪ್ಪಾ, ಇದನ್ನ ಚೆಂದಾಗಿ ಸ್ನಾನಾ ಮಾಡಿಸಿ ಕೊಡು. ಸೂಜಿ ನಾವೇ ಹಾಕಸ್ತೀವಿ."

ಹರಿಪ್ರಿಯಾ ಪೇಢೆಯಂಥದೇ ಆ ಮರಿಯನ್ನು ಎತ್ತಿಕೊಂಡಿದ್ದಳು.

ವೀರೇಂದ್ರ ಹಲ್ಲು ಕಚ್ಚಿದ. ಹನ್ನೆರಡು ದಿನಗಳ ಹಿಂದೆ ಯಾರಾದರೂ ತನಗೆ ಈ ಪರದೆ ಸರಿಸಿ ತೋರಿಸಿದ್ದರೆ ತಾನೂ ಇದೇ ಮಾತನಾಡುತ್ತಿದ್ದನೇನೋ.

"ನನಗ ಬದಲಿ ಕೊಡ್ತೇನಿ ಅಂದೀಯಲ್ಲ ಕೊಟ್ರೇಶ," ಎಂದ. "ಆ ತಾಯಿನ್ನ ಕೊಡು."

"ಹುಚ್ಚು ಹಿಡದೈತೇನ್ರಿ? ಏಳಾಕ ಬರೂದಿಲ್ಲ ಅದಕ್ಕ."

"ಎತ್ತಿಕೊಂಡು ಹೋಗ್ತೇನಿ."

ಕೊಟ್ರೇಶ ಕೆನ್ನೆ ಕೆರೆದುಕೊಂಡು ಯೋಚಿಸಿದ. "ಒಯ್ರಿ. ನನಗೂ ಇನ್ನ ಅದು ದಂಡ. ಆದ್ರ ತಿರುಗಿ ತರಬ್ಯಾಡ್ರಿ. ಮತ್ತ ಇದರ ನಾತಕ್ಕ ಆ ಕಾರು ಮಾರೂದ ಆಗ್ತೈತಿ ನೋಡ್ರಿ, ನೀವು."

ನಾಯಿಯನ್ನು ಎತ್ತಿಕೊಂಡಾಗ ಅಂಗಿಯ ಎದೆಗೆ ಕೀವು ಹತ್ತಿತು, ತೋಳಿಗೆ ಮಲ ಹತ್ತಿತು. ಉಳಿದ ಎರಡು ಗೂಡುಗಳಿಂದ ಎರಡು ಜೊತೆ ಕಣ್ಣುಗಳು ತನ್ನನ್ನೇ ನೋಡುತ್ತಿರುವುದು ವೀರೇಂದ್ರನಿಗೆ ಕಂಡಿತು. ಅವನು ತಲೆ ತಗ್ಗಿಸಿ ಹೊರಗೆ ಬಂದ.

ಹಾವೇರಿಯಲ್ಲಿ ಡಾಕ್ಟರು ಎರಡು ಸೂಜಿ ಚುಚ್ಚಿ, ಗಾಯ ತೊಳೆದು, ಉಳಿದರೂ ಉಳಿಯಬಹುದು ಎಂದರು. ಬ್ಯಾಡಗಿ ಸೇರುವಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ನಿಂತಿದ್ದ ಪುಷ್ಪಲತಾ ಗಂಡನ ಅಂಗಿಯನ್ನು, ಅವನ ಕೈಯಲ್ಲಿದ್ದುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಏನ್ ತಂದ್ರಿ ಇದು? ವಾಸನಿ ಬರಲಾರದ ನಾಯಿ ಬೇಕಂತ ಅಲ್ಲೇನು ನಾವು ಹೋದದ್ದು?"

"ಅದರ ತಾಯಿ ಇದು, ಪುಷ್ಪಾ. ನಾವು ಹೋದ ದಿನ ಪರದೆ ಹಿಂದ ಇತ್ತು."

ಶೈಲಾ ಓಡಿ ಬಂದು ಅರ್ಧದಲ್ಲಿ ನಿಂತಳು. "ಅಪ್ಪಾ, ಪೇಢೆ ಎಲ್ಲಿ?"

ವೀರೇಂದ್ರ ನಾಯಿಯನ್ನು ಕಟ್ಟೆಯ ಮೇಲೆ ಇಳಿಸಿ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತ.

"ಸತ್ತು ಹೋತವ್ವಾ. ಆರಾಮಾಗಾಕತ್ತೈತಿ ಅಂತ ನಾ ದಿನಾ ಸುಳ್ಳು ಹೇಳಿದೆ. ಅಂಥಾದ ಇನ್ನೊಂದು ತಂದು, ಇದ ಪೇಢೆ ಅಂತ ನಿನ್ನ ಕೈಯಾಗ ಕೊಡಾಕ ಹೋಗಿದ್ದೆ."

ಶೈಲಾ ಒಳಗೆ ಹೋಗಿ ಖೋಲಿಯ ಬಾಗಿಲು ಹಾಕಿಕೊಂಡಳು.

ಪುಷ್ಪಲತಾ ಬಾಗಿಲನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಿನಿಂದ ಬಿಸಿನೀರು ತಂದಳು. ಹೊಲಿಗೆಯ ಕತ್ತರಿ ತಂದಳು. ಗಂಡ ಹೆಂಡಿರು ಕಟ್ಟೆಯ ಮೇಲೆ ಕುಳಿತು ಗಾಯವನ್ನು ಬಿಟ್ಟು ಜಡೆಗಟ್ಟಿದ ಕೂದಲನ್ನು ಕತ್ತರಿಸತೊಡಗಿದರು. ನೀರು ಕರ್ರಗೆ ಹರಿದು ತುಳಸಿಕಟ್ಟೆಯ ಬುಡದ ತನಕ ಹೋಯಿತು. ಪುಷ್ಪಲತಾಳಿಗೆ ಎರಡು ಸಲ ಓಕರಿಕೆ ಬಂತು. ಎರಡು ಸಲವೂ ಮುಖ ಆ ಕಡೆ ತಿರುವಿ, ಮತ್ತೆ ಈ ಕಡೆ ತಿರುಗಿದಳು.

ಒಂದು ತಾಸಿನ ಮೇಲೆ ಬಾಗಿಲು ತೆರೆಯಿತು. ಶೈಲಾಳ ಮುಖ ಬಾತಿತ್ತು. ದೂರದಲ್ಲಿಯೇ ನಿಂತು ಕೇಳಿದಳು: "ಅದರ ಹೆಸರೇನು?"

"ಇಟ್ಟಿಲ್ಲಂತವ್ವಾ. ನೀನ ಇಡು."

"ನಾ ಇಡೂದಿಲ್ಲ. ನೀ ಸುಳ್ಳು ಹೇಳೀದಿ."

"ಹೌದು."

ಅವಳು ಕಟ್ಟೆಯ ಮೇಲೆ ಅರ್ಧ ಬೋಳಾಗಿ, ಎಲುಬು ಕಾಣಿಸುತ್ತ, ನಡುಗುತ್ತಿದ್ದ ನಾಯಿಯನ್ನೂ ಖಾಲಿಯಾದ ಬಕೆಟನ್ನೂ ನೋಡಿದಳು. ಹತ್ತಿರ ಬಂದು ಒಂದು ಕೈಯಿಂದ ಮೂಗು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಬಕೆಟನ್ನು ಎತ್ತಿಕೊಂಡು, ಅಪ್ಪನ ಕಡೆ ನೋಡದೆ, ಬಿಸಿನೀರು ತರಲು ಬಚ್ಚಲಿಗೆ ಹೋದಳು.